ಎಲೆಗಳ ಮೇಲೆ ಏನೂ ಇರಲಿಲ್ಲ ಎಂದೆ

ಮಾಲಿನಿಯ ಕೆಲಸ ಹೋದದ್ದು ಆಕೆಯ ತಪ್ಪಿನಿಂದಲ್ಲ, ನನ್ನ ಕಣ್ಣಿನಿಂದ — ಅಲ್ಲ, ಕಣ್ಣಿನಿಂದಲೂ ಅಲ್ಲ, ನನ್ನ ಬಾಯಿಯಿಂದ. ನನಗೆ ಕೆಂಪು ಕಾಣುವುದಿಲ್ಲ. ಕೆಂಪು, ಹಸಿರು ಎರಡೂ ನನಗೆ ಒಂದೇ ತೆರನಾದ ಮಾಸಲು ಸಾಸಿವೆ ಬಣ್ಣ. ಹುಟ್ಟಿನಿಂದ ಬಂದದ್ದು ಇದು, ಇದರಲ್ಲಿ ನನ್ನ ಅಪರಾಧವೇನೂ ಇಲ್ಲ. ಅಪರಾಧ ಇರುವುದು, ಇದನ್ನು ಮುಚ್ಚಿಟ್ಟುಕೊಂಡು ಎಲೆಗಳ ಮೇಲೆ ಕೆಂಪು ಚುಕ್ಕಿ ಹುಡುಕುವ ಕೆಲಸಕ್ಕೆ ಹೋದದ್ದರಲ್ಲಿ. ಅದಕ್ಕಿಂತ ದೊಡ್ಡದು — ನನಗೆ ಕಾಣದೇ ಹೋದದ್ದನ್ನು ಅಲ್ಲಿ ಇರಲೇ ಇಲ್ಲ ಎಂದು ಹೇಳಿದ್ದರಲ್ಲಿ.

ಇಷ್ಟನ್ನು ಬರೆಯಲು ನನಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಊರು. ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳಕ್ಕೆ ಬಂದವರೆಲ್ಲ ಆ ಕೆಂಪನ್ನು ನೋಡಿ ನಿಂತುಬಿಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಒಣಮಣ್ಣಿನ ದಿಬ್ಬಗಳು, ಮೂಗಿಗೆ ಬಡಿಯುವ ಘಾಟು, ಅಷ್ಟೇ. ಅಪ್ಪನದು ಅಲ್ಲಿ ದಲಾಲಿ ಅಂಗಡಿ. ಒಂದು ದಿನ ಬಣ್ಣಗೆಟ್ಟ ಕಾಯಿಗಳನ್ನು ಬೇರೆ ಮಾಡಲು ನನ್ನನ್ನು ಕೂರಿಸಿದರು. ನಾನು ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಲಸಿ ಎರಡು ಗುಡ್ಡೆ ಮಾಡಿಟ್ಟಿದ್ದೆ. ಅಪ್ಪ ಬೈಯಲಿಲ್ಲ. ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಎರಡು ಕಾಯಿ ತೋರಿಸಿ ಯಾವುದು ಯಾವುದೆಂದು ಕೇಳಿದರು. ನಾನು ಹೇಳಿದ್ದನ್ನು ಕೇಳಿ ಎರಡೂ ಕಾಯಿಗಳನ್ನು ಜೇಬಿಗೆ ಹಾಕಿಕೊಂಡರು. ಕಡೆಗೆ, "ಇದನ್ನ ಯಾರ ಮುಂದೂ ಆಡಬ್ಯಾಡಪಾ" ಎಂದರು.

ಆಡಲಿಲ್ಲ. ಧಾರವಾಡದಲ್ಲಿ ಓದಿದೆ, ಅರಣ್ಯ ಇಲಾಖೆಗೆ ಅಧಿಕಾರಿಯಾಗಿ ಆಯ್ಕೆಯಾದೆ. ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಅದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ಕೆಲವು ಪುಟ ತಿರುಗಿಸಿ ಮುಚ್ಚಿಬಿಟ್ಟರು. ಕೆಲಸ ಅಲ್ಲಿಗೆ ಮುಗಿಯಿತು. ಅಪ್ಪ ಊರಲ್ಲಿ, ಮಗನೇ ಬೇಡವೆಂದ, ಅಮೆರಿಕಕ್ಕೆ ಓದಲು ಹೋಗುತ್ತಾನೆ ಎಂದು ಹೇಳಿದರು. ಆ ಮಾತನ್ನು ನಿಜ ಮಾಡಲೆಂದೇ ನಾನು ಇಲ್ಲಿಗೆ ಬಂದೆ. ಮರಗಳ ರೋಗದ ಬಗ್ಗೆ ಡಾಕ್ಟರೇಟ್ ಮಾಡಿದೆ. ಇಲ್ಲಿ ನನ್ನ ಕಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಇಡೀ ಖಂಡದ ಕಾಡುಗಳ ಆರೋಗ್ಯವನ್ನು ವರ್ಷವರ್ಷವೂ ಅಳೆಯುವ ಯೋಜನೆ. ನಕ್ಷೆಯ ಮೇಲೆ ಸಮದೂರದಲ್ಲಿ ಚುಕ್ಕಿಗಳನ್ನಿಟ್ಟು, ಆ ಒಂದೊಂದು ಚುಕ್ಕಿ ಬಿದ್ದ ಜಾಗಕ್ಕೂ ಬೇಸಿಗೆಯಲ್ಲಿ ಜನರನ್ನು ಕಳಿಸುತ್ತಿದ್ದರು. ಅವರು ಮರದ ತಲೆಯನ್ನು ದುರ್ಬೀನಿನಲ್ಲಿ ನೋಡಿ ಎಷ್ಟು ಒಣಗಿದೆ ಎಂದು ಅಂದಾಜು ಮಾಡಬೇಕು, ತೊಗಟೆಯ ಗಾಯ ನೋಡಬೇಕು, ಹುಳು ಹತ್ತಿದೆಯೇ ನೋಡಬೇಕು. ಇವೆಲ್ಲ ನನಗೆ ಸಲೀಸು. ಗಾಯಕ್ಕೆ ಆಕಾರವಿದೆ, ಬೋಳು ಕೊಂಬೆಯನ್ನು ಯಾವ ಕಣ್ಣೂ ಕಾಣುತ್ತದೆ. ನಾನು ಒಳ್ಳೆಯ ಕೆಲಸಗಾರನೆಂದು ಹೆಸರಾಯಿತು. ಅಪೆಕ್ಸ್‌ನಲ್ಲಿ — ಆಗ ಅದು ರೈಲು ಹಳಿಯ ಪಕ್ಕದ ಪುಟ್ಟ ಊರು — ಹೆಂಡತಿ, ಮಗಳ ಜೊತೆ ಮನೆ ಮಾಡಿದೆ. ಕಚೇರಿಯವರೇ ನನ್ನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರು.

ಆಮೇಲೆ ಓಝೋನ್ ಬಂತು. ಊರುಗಳ ಕಾರು, ಕಾರ್ಖಾನೆಗಳ ಹೊಗೆ ಬಿಸಿಲಿನಲ್ಲಿ ಓಝೋನ್ ಆಗಿ ಮಾರ್ಪಟ್ಟು ಗಾಳಿಯ ಜೊತೆ ಬೆಟ್ಟಗಳಿಗೆ ಏರುತ್ತದೆ. ಅದನ್ನು ತಡೆಯಲಾರದ ಗಿಡಗಳ ಎಲೆಯ ಮೇಲ್ಭಾಗದಲ್ಲಿ, ನರಗಳ ನಡುವೆ, ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳೇಳುತ್ತವೆ. ನೇರಳೆ ಬೆರೆತ ಕೆಂಪು ಎನ್ನುತ್ತಾರೆ. ಪೊದೆಯಲ್ಲಿ ಬೆಳೆಯುವ ಬ್ಲ್ಯಾಕ್‌ಬೆರಿಯ ಎಲೆಯ ಮೇಲೆ ಅದು ಚೆನ್ನಾಗಿ ಕಾಣುತ್ತದಂತೆ. ಇದನ್ನೂ ಅಳೆಯಬೇಕೆಂದು ತೀರ್ಮಾನವಾದಾಗಲೇ ನಾನು ನಮ್ಮ ಮುಖ್ಯಸ್ಥೆ ಕ್ಯಾರಲ್ ಬಳಿ ಹೋಗಿ, ಇದು ನನ್ನಿಂದಾಗದು ಎಂದಿದ್ದರೆ ಆಕೆ ನನಗೆ ಬೇರೆ ಕೆಲಸ ಕೊಡುತ್ತಿದ್ದಳು. ಇದನ್ನು ನಾನು ಈಗ ಊಹಿಸಿ ಹೇಳುತ್ತಿಲ್ಲ. ಆಗಲೂ ನನಗೆ ಗೊತ್ತಿತ್ತು. ಆದರೂ — ಬಿಸಿಲು ಚೆನ್ನಾಗಿದ್ದರೆ ಎಲೆಯನ್ನು ಓರೆ ಹಿಡಿದಾಗ ಆ ಚುಕ್ಕಿಗಳು ಸ್ವಲ್ಪ ಕಪ್ಪಗೆ ತೋರುತ್ತಿದ್ದವು. ಅಷ್ಟರಿಂದಲೇ ತರಬೇತಿಯ ಪರೀಕ್ಷೆ ದಾಟಿಕೊಂಡೆ. ಸಾಕು, ನಡೆಯುತ್ತದೆ ಎಂದುಕೊಂಡೆ.

ಮಾಲಿನಿ ನಮ್ಮ ಕಚೇರಿಗೆ ಬಂದದ್ದು ಅದೇ ವರ್ಷ. ಮೈಸೂರಿನವಳು, ಸಸ್ಯಶಾಸ್ತ್ರದವಳು, ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ವರ್ಷದಿಂದ ವರ್ಷಕ್ಕೆ ಮುಂದುವರಿಸುವ ಹುದ್ದೆ, ಅದಕ್ಕೆ ಕಟ್ಟಿಹಾಕಿದ ವೀಸಾ. ಒಬ್ಬಳೇ ಇದ್ದಳು. ನನ್ನ ಹೆಂಡತಿ ರೇಖಾ ಮೊದಲ ಭೇಟಿಯಲ್ಲೇ ಆಕೆಯನ್ನು ತಂಗಿ ಮಾಡಿಕೊಂಡಳು. ಶನಿವಾರ ಬಂತೆಂದರೆ ಮಾಲಿನಿ ನಮ್ಮ ಅಡುಗೆಮನೆಯಲ್ಲಿ. ಒಬ್ಬಳು ರೊಟ್ಟಿ ಬಡಿಯುವುದು, ಇನ್ನೊಬ್ಬಳು ಬಿಸಿಬೇಳೆಬಾತಿಗೆ ಪುಡಿ ಹುರಿಯುವುದು. ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎರಡೂ ಸೇರಿ ಒಂದೇ ನಗು. ಪರದೇಶದಲ್ಲಿ ರೇಖಾಳಿಗೆ ಬೇರೆ ಗೆಳತಿ ಇರಲಿಲ್ಲ.

ಮಾಲಿನಿಗೆ ನನ್ನ ಕಣ್ಣಿನ ಸುಳಿವು ಯಾವಾಗ ಸಿಕ್ಕಿತೋ. ಬಹುಶಃ ನಮ್ಮ ಹಿತ್ತಲಲ್ಲಿ ನಾನು ಹಣ್ಣಾದ ಟೊಮೆಟೊ ಬಿಟ್ಟು ಕಾಯಿ ಕಿತ್ತು ತಂದ ದಿನ. ಏನೂ ಕೇಳಲಿಲ್ಲ. ಆದರೆ ಆಮೇಲೆ ಕಾಡಿನಲ್ಲಿ ಜೊತೆಗಿದ್ದಾಗಲೆಲ್ಲ ಆಕೆ ಬಣ್ಣಗಳನ್ನು ಬಾಯಿಬಿಟ್ಟು ಹೇಳತೊಡಗಿದಳು — ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಇದು ಕೆಂಪು ತಿರುಗಿದೆ, ಅದು ಇನ್ನೂ ಹಸಿರು, ಇಲ್ಲಿ ಚುಕ್ಕಿ ಜಾಸ್ತಿ. ಅದು ಆಕೆಯ ಅಭ್ಯಾಸವೆಂದು ನಾನು ನನ್ನನ್ನು ನಂಬಿಸಿಕೊಂಡೆ. ನನಗೆ ಆಸರೆಯಾಗಲೆಂದು ಹೇಳುತ್ತಿದ್ದಾಳೆ ಎಂದು ಒಪ್ಪಿಕೊಂಡಿದ್ದರೆ ಆಕೆಗೆ ಗೊತ್ತಿದೆ ಎಂದೂ ಒಪ್ಪಿಕೊಳ್ಳಬೇಕಿತ್ತು.

ಎರಡನೆಯ ಬೇಸಿಗೆಯಲ್ಲಿ ಮಾಲಿನಿ ನಾರ್ತ್ ಕ್ಯಾರೊಲಿನಾದ ಪಶ್ಚಿಮದ ಬೆಟ್ಟಗಳಿಂದ ವರದಿ ತಂದಳು. ಅಲ್ಲಿನ ಎತ್ತರದ ಒಂದು ಬಯಲಿನಲ್ಲಿ ಬ್ಲ್ಯಾಕ್‌ಬೆರಿಯ ಎಲೆಗಳಿಗೆ ತೀವ್ರ ಹಾನಿ. ಹಿಂದಿನ ವರ್ಷ ಅಲ್ಲಿ ಏನೂ ದಾಖಲಾಗಿರಲಿಲ್ಲ. ಹಾನಿ ಕಂಡವರು ಎಲೆಗಳನ್ನು ಕಾಗದದ ನಡುವೆ ಒತ್ತಿ ತಜ್ಞರಿಗೆ ಕಳಿಸುವುದು ಕ್ರಮ. ಆಕೆ ಕಳಿಸಿದ್ದಳು. ಆದರೆ ಆ ವಾರವೆಲ್ಲ ಮಳೆ. ಕಟ್ಟು ತಲುಪುವ ಹೊತ್ತಿಗೆ ಎಲೆಗಳಿಗೆ ಬೂಸ್ಟು ಹಿಡಿದಿತ್ತು. ಆ ವರ್ಷದ ನಕ್ಷೆ ವಾಷಿಂಗ್ಟನ್‌ಗೆ ಹೋಗುವ ಮುಂಚೆ ಇನ್ನೊಬ್ಬರು ಅದೇ ಜಾಗ ನೋಡಿ ಬರಲಿ ಎಂದು ಕ್ಯಾರಲ್ ಹೇಳಿದಳು. ಆ ಇನ್ನೊಬ್ಬ ನಾನು. ಜೊತೆಗೆ ಬರಬೇಕಿದ್ದವನಿಗೆ ಜ್ವರ ಬಂದು, ಒಬ್ಬನೇ ಹೋದೆ.

ಬೆಟ್ಟದ ಮೇಲೆ ಮೋಡ ಕೂತಿತ್ತು. ಬಿಸಿಲೇ ಇಲ್ಲ. ಎಲೆಗಳನ್ನು ಹೇಗೆ ತಿರುಗಿಸಿದರೂ ಒಂದೇ ಬಣ್ಣ, ಒಂದೇ ಮಬ್ಬು. ಮಸೂರ ಹಿಡಿದು ನೋಡಿದೆ. ಏನೋ ಇದ್ದ ಹಾಗೆ, ಏನೂ ಇಲ್ಲದ ಹಾಗೆ. ಈ ಬೆಳಕು ನನಗೆ ಸಾಲದು ಎಂದು ಅಲ್ಲಿ ನಿಂತೇ ನನಗೆ ತಿಳಿದಿತ್ತು. ಕಾಯಬಹುದಿತ್ತು. ಕೆಲವು ಎಲೆ ಕಿತ್ತು ತರಬಹುದಿತ್ತು — ಹಾನಿ ಕಾಣದಿದ್ದರೆ ತರಬೇಕೆಂಬ ನಿಯಮ ಇರಲಿಲ್ಲ, ಆದರೆ ತರಬಾರದೆಂದೂ ಇರಲಿಲ್ಲ. ತಂದರೆ ಬೇರೆಯವರು ನೋಡುತ್ತಾರೆ. ಅವರು ಚುಕ್ಕಿ ಕಂಡರೆ, ಕೈಯಲ್ಲಿ ಹಿಡಿದೂ ನನಗೆ ಏಕೆ ಕಾಣಲಿಲ್ಲ ಎಂದು ಕೇಳುತ್ತಾರೆ. ಬರಿಗೈಯಲ್ಲಿ ಇಳಿದು ಬಂದೆ. ಹಾನಿ ಇಲ್ಲ ಎಂದು ಬರೆದುಕೊಟ್ಟೆ.

ಇಬ್ಬರ ಮಾತು ಇಷ್ಟು ದೂರ ದೂರ ಇದ್ದದ್ದರಿಂದ ಕ್ಯಾರಲ್ ನಮ್ಮಿಬ್ಬರನ್ನೂ ವಾಷಿಂಗ್ಟನ್ ಹೊರವಲಯದ ಮುಖ್ಯ ಕಚೇರಿಗೆ ಕರೆಸಿದಳು. ಒಂದೇ ಕಾರಿನಲ್ಲಿ ಹೋದೆವು. ರೇಖಾ ಇಬ್ಬರಿಗೂ ಬುತ್ತಿ ಕಟ್ಟಿದ್ದಳು — ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ವರ್ಜೀನಿಯಾ ದಾಟುವಾಗ ಮಾಲಿನಿ ತಾನು ಕಂಡ ಎಲೆಗಳನ್ನು ಬಣ್ಣಿಸುತ್ತಿದ್ದಳು. ಬಹುಶಃ ಮಳೆ ಚುಕ್ಕಿಗಳನ್ನು ಮರೆಮಾಡಿರಬಹುದು, ಅಥವಾ ನಾನು ಬಯಲಿನ ಬೇರೆ ಮಗ್ಗುಲಿಗೆ ಹೋಗಿದ್ದೆನೇನೋ ಎಂದಳು. ದಾರಿಯುದ್ದಕ್ಕೂ ಆಕೆ ನನಗೆ ಕಾರಣಗಳನ್ನು ಒದಗಿಸುತ್ತಿದ್ದಳು. ಅವುಗಳಲ್ಲಿ ಯಾವುದಾದರೂ ಒಂದನ್ನು ನಾನು ಎತ್ತಿಕೊಂಡಿದ್ದರೂ ಸಾಕಿತ್ತು.

ಕೋಣೆಯಲ್ಲಿ ಕ್ಯಾರಲ್, ಇನ್ನೂ ಮೂವರು ಹಿರಿಯರು. ಎಲ್ಲರೂ ಸಭ್ಯರು. ಮಾಲಿನಿ ತಾನು ನೋಡಿದ್ದನ್ನು ಹೇಳಿದಳು. ಕ್ಯಾರಲ್ ನನ್ನ ಕಡೆ ತಿರುಗಿ, ನಿನಗೆ ಖಚಿತವೇ ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ಮಾಲಿನಿ ನನ್ನತ್ತ ನೋಡಿದಳು. ಮೆಲ್ಲಗೆ, ಕನ್ನಡದಲ್ಲಿ ಕೇಳಿದಳು: "ಶ್ರೀಕಾಂತ್, ಅಲ್ಲಿ ಇರ್ಲಿಲ್ವಾ, ಇಲ್ಲಾ ನಿಮಗೆ ಕಾಣಿಸ್ಲಿಲ್ವಾ?"

ಆ ಕೋಣೆಯಲ್ಲಿ ಬೇರೆ ಯಾರಿಗೂ ಅರ್ಥವಾಗದ ಮಾತು. ಇಂಗ್ಲಿಷಿನಲ್ಲಿ ಕೇಳಬಹುದಿತ್ತು — ಕೇಳಿದ್ದರೆ ಆಕೆ ಗೆಲ್ಲುತ್ತಿದ್ದಳು, ನಾನು ಆ ಕ್ಷಣವೇ ಬಯಲಾಗುತ್ತಿದ್ದೆ. ತನ್ನ ಕೆಲಸ, ವೀಸಾ, ಮಾತಿನ ಬೆಲೆ ಎಲ್ಲವೂ ಮೇಜಿನ ಮೇಲಿರುವಾಗಲೂ ಆಕೆ ನನ್ನ ಮಾನ ಕಾಯಲು ನೋಡಿದಳು. ನಾನೇ ಹೇಳಲಿ ಎಂದು ಬಾಗಿಲು ತೆರೆದು ನಿಂತಳು.

ನಾನು ಆಕೆಗೆ ಉತ್ತರ ಕೊಡಲಿಲ್ಲ. ಕ್ಯಾರಲ್ ಕಡೆಯೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದೆ — ಎಲೆಗಳ ಮೇಲೆ ಏನೂ ಇರಲಿಲ್ಲ. ನನ್ನ ದನಿ ನಡುಗಲಿಲ್ಲ. ಅದು ನನಗೆ ಇಂದಿಗೂ ಆಶ್ಚರ್ಯ, ಇಂದಿಗೂ ನಾಚಿಕೆ.

ಮಾಲಿನಿ ತನ್ನ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ವಾಪಸು ಬರುವಾಗ ಕಾರಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ರಿಚ್ಮಂಡ್ ದಾಟಿದ ಮೇಲೆ ಬುತ್ತಿ ಬಿಚ್ಚೋಣವೇ ಎಂದು ಕೇಳಿದೆ. ಹಸಿವಿಲ್ಲ ಎಂದಳು.

ಆಕೆಯ ಆ ಬೇಸಿಗೆಯ ಅಂದಾಜುಗಳನ್ನೆಲ್ಲ ಕೈಬಿಟ್ಟರು. ಒಂದು ಕಡೆ ಇಲ್ಲದ್ದನ್ನು ಕಂಡವಳು ಬೇರೆ ಕಡೆಯೂ ಕಂಡಿರಬಹುದಲ್ಲವೇ? ಗೋಡೆಯ ಮೇಲೆ ಖಂಡದ ನಕ್ಷೆ ಬಂತು. ಆ ಬೆಟ್ಟಗಳ ಸಾಲು ಆರೋಗ್ಯವಾಗಿದೆ ಎಂದು ಅದು ಹೇಳುತ್ತಿತ್ತು. ಜನ ಅದರ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದರು. ನಾನೂ ಕುಡಿದೆ.

ಮಾಲಿನಿಯ ಹುದ್ದೆ ಮುಂದುವರಿಯಲಿಲ್ಲ. ವೀಸಾ ಉಳಿಯಬೇಕಾದರೆ ತಕ್ಷಣ ಬೇರೆ ಕೆಲಸ ಬೇಕು. ಆಗ ಎರಡು ಸಾವಿರದ ಇಸವಿ ಹತ್ತಿರವಾಗುತ್ತಿತ್ತು. ಹಳೆಯ ಕಂಪ್ಯೂಟರ್‌ಗಳಲ್ಲಿ ತಾರೀಖು ತಿದ್ದಲು ಕಂಪನಿಗಳು ಸಿಕ್ಕಸಿಕ್ಕವರನ್ನು ಸೇರಿಸಿಕೊಳ್ಳುತ್ತಿದ್ದವು. ಆಕೆ ಅವಸರದಲ್ಲಿ ಕೋರ್ಸು ಮಾಡಿ ಅಟ್ಲಾಂಟಾದ ಒಂದು ಕನ್ಸಲ್ಟಿಂಗ್ ಕಂಪನಿ ಸೇರಿ ಹೊರಟಳು. ಗಿಡದ ಹೆಸರು ಹೇಳದೆ ದಾರಿ ನಡೆಯಲಾರದಿದ್ದ ಹುಡುಗಿ.

ಹೋಗುವ ಮುಂಚೆ ನಮ್ಮ ಮನೆಗೆ ಫೋನ್ ಮಾಡಿದ್ದಳಂತೆ. ರೇಖಾ ನನ್ನನ್ನು ಕೇಳಿದಳು: "ಖರೇನ ಆಕಿ ತಪ್ಪು ಮಾಡಿದ್ಳೇನ್ರಿ?" ನಾನು ಹೂಂ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇಲ್ಲ — ಆಕೆ ನೋಡದೆಯೇ ಬರೆಯುತ್ತಿದ್ದಳೇನೋ, ಕಚೇರಿಯಲ್ಲಿ ಹಾಗೆ ಮಾತಿದೆ ಎಂದು ಸೇರಿಸಿದೆ. ಕಚೇರಿಯಲ್ಲಿ ಅಂಥ ಮಾತು ಇರಲಿಲ್ಲ. ಸುಳ್ಳನ್ನು ಸಹಿಸದ ಹೆಂಗಸು ನನ್ನ ರೇಖಾ. ಗಂಡನ ಮಾತು ನಂಬಿ ಗೆಳತಿಯ ಮಾತು ಬಿಟ್ಟಳು. ಅಟ್ಲಾಂಟಾದಿಂದ ಫೋನ್ ಬಂದರೆ ಎತ್ತಿ, ಕೆಲಸವಿದೆ ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಫೋನ್ ಬರುವುದು ನಿಂತಿತು.

ಮರುವರ್ಷ ಬೇರೊಬ್ಬರು ಒಳ್ಳೆಯ ಬಿಸಿಲಿನಲ್ಲಿ ಅದೇ ಬಯಲಿಗೆ ಹೋದರು. ಎಲೆಗಳ ತುಂಬ ಚುಕ್ಕಿ. ಕ್ಯಾರಲ್ ಯೋಚನೆಗೆ ಬಿದ್ದಳು. ಹಾಗಾದರೆ ಮಾಲಿನಿ ಹೇಳಿದ್ದು ಸರಿಯಿತ್ತೇ ಎಂದು ನನ್ನನ್ನೇ ಕೇಳಿದಳು. ಇನ್ನೊಮ್ಮೆ ಬಾಗಿಲು ತೆರೆದಿತ್ತು. ಓಝೋನ್ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಹಿಂದಿನ ವರ್ಷ ಇರಲಿಲ್ಲ, ಈ ವರ್ಷ ಬಂದಿದೆ ಎಂದೆ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ನನ್ನ ಸುಳ್ಳುಗಳಲ್ಲೆಲ್ಲ ಅತ್ಯಂತ ಕೊಳಕು ಸುಳ್ಳು ಅದೇ, ಏಕೆಂದರೆ ಅದರ ಪ್ರತಿ ಶಬ್ದವೂ ನಿಜವಿತ್ತು.

ಗ್ರೀನ್ ಕಾರ್ಡ್ ಬಂತು. ನಾನು ಕೇಳಿಕೊಂಡು ಲೆಕ್ಕಾಚಾರದ ವಿಭಾಗಕ್ಕೆ ಹೋದೆ, ಮತ್ತೆ ಎಲೆ ಮುಟ್ಟಲಿಲ್ಲ. ಮಗಳು ದೊಡ್ಡವಳಾದಳು. ನಿವೃತ್ತನೂ ಆದೆ. ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದಾಗಲೆಲ್ಲ ಆಕೆ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿಯೇ ಇದ್ದಾಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ಯುಗಾದಿಗೆ ಇಲ್ಲಿನ ಕನ್ನಡಿಗರು ಸೇರಿದ್ದೆವು. ಊಟಕ್ಕೆ ಕೂತಾಗ ಅಟ್ಲಾಂಟಾದಿಂದ ಬಂದಿದ್ದ ಒಬ್ಬರು ಮಾತಿನ ಮಧ್ಯೆ ಮಾಲಿನಿಯ ಹೆಸರೆತ್ತಿದರು. ರೇಖಾ ತಟ್ಟನೆ, "ಆಕಿ ಹೆಣ್ಮಗಳು ಛಲೋನ. ಆದ್ರ ಕೆಲಸದಾಗ ಪ್ರಾಮಾಣಿಕ ಇದ್ದಿಲ್ಲ ನೋಡ್ರಿ" ಎಂದಳು. ಬೇಸರದಿಂದಲೇ ಹೇಳಿದಳು, ಚಾಡಿಯ ದನಿಯಲ್ಲಲ್ಲ. ನಾನು ಕಟ್ಟಿದ ಸುಳ್ಳು, ಎಂದೂ ಸುಳ್ಳಾಡದವಳ ಬಾಯಿಂದ, ಪರರ ಮುಂದೆ. ಎಲೆಯ ಮೇಲಿನ ಹೋಳಿಗೆ ಬಿಟ್ಟು ಕೈತೊಳೆಯಲು ಎದ್ದೆ.

ಆ ಅಟ್ಲಾಂಟಾದವರಿಂದ ಮಾಲಿನಿಯ ವಿಳಾಸ ಪಡೆದು, ಮುಂದಿನ ವಾರ ಹಳೆಯ ಸಹೋದ್ಯೋಗಿಯನ್ನು ಕಾಣಬೇಕೆಂದು ರೇಖಾಳಿಗೆ ಹೇಳಿ ಒಬ್ಬನೇ ಅಟ್ಲಾಂಟಾಕ್ಕೆ ಹೊರಟೆ. ಅದೂ ನಿಜವೇ. ಶಾರ್ಲಟ್ ದಾಟುವಾಗ ಹಿಂದಿರುಗಬೇಕೆನಿಸಿತು, ಗ್ರೀನ್‌ವಿಲ್ ದಾಟುವಾಗಲೂ.

ಮಾಲಿನಿ ಬಾಗಿಲು ತೆರೆದಳು. ತಲೆ ನರೆತಿದೆ. ಒಳಗೆ ಕರೆದು ಕೂರಿಸಿದಳು, ನೀರು ಕೊಟ್ಟಳು. ಮನೆಯಲ್ಲಿ ಒಂದೂ ಗಿಡವಿರಲಿಲ್ಲ; ಕಿಟಕಿಯಲ್ಲೂ ಇಲ್ಲ. ನಾನು ಎಲ್ಲವನ್ನೂ ಹೇಳಿದೆ — ಅಪ್ಪನ ಮಾತಿನಿಂದ ಹಿಡಿದು, ಬೆಟ್ಟದ ಮೋಡ, ರೇಖಾಳಿಗೆ ಹೇಳಿದ್ದರ ತನಕ.

"ನಿಮಗೆ ಬಣ್ಣ ಸರಿಯಾಗಿ ಕಾಣಲ್ಲ ಅಂತ ನಂಗೆ ಡೌಟ್ ಇತ್ತು," ಎಂದಳು ಕಡೆಗೆ. "ಆದ್ರೆ ಅದು ಗೊತ್ತಿದ್ದೂ, ಒಬ್ಬರ ಕೆಲಸ ಹೋಗ್ತಿರೋವಾಗ ನೀವು ಸುಮ್ನೆ ಇರ್ತೀರಿ ಅಂತ ನಂಬಕ್ಕಾಗ್ಲಿಲ್ಲ. ಅದಕ್ಕೇ ನನ್ನ ಕಣ್ಣೇ ಸರಿ ಇಲ್ಲ ಅನ್ಕೊಂಡೆ. ಇಲ್ಲಿಗೆ ಬಂದ್ಮೇಲೆ ಡಾಕ್ಟರ್ ಹತ್ರ ಹೋಗಿ ಟೆಸ್ಟ್ ಮಾಡಿಸ್ಕೊಂಡೆ. ನಾರ್ಮಲ್ ಅಂದ್ರು. ಆದ್ರೂ ಒಂದು ಎಲೆ ಕೈಗೆತ್ಕೊಂಡ್ರೆ, ನಂಗೆ ಕಾಣ್ತಿರೋದು ನಿಜಾನಾ ಅನ್ನಿಸೋದು. ಆಮೇಲೆ ಎತ್ಕೊಳ್ಳೋದೇ ಬಿಟ್ಟೆ."

ಸುಳ್ಳು ಹೇಳಿ ಆಕೆಯ ಕೆಲಸ ಕಳೆದೆ ಎಂದಷ್ಟೇ ನಾನು ತಿಳಿದಿದ್ದೆ. ನನ್ನ ಒಳ್ಳೆಯತನವನ್ನು ಸಂದೇಹಿಸುವುದಕ್ಕಿಂತ ತನ್ನ ಕಣ್ಣುಗಳನ್ನೇ ಸಂದೇಹಿಸುವುದು ಆಕೆಗೆ ಸುಲಭವಾಗಿತ್ತು. ಅಷ್ಟು ಒಳ್ಳೆಯವನೆಂದು ನನ್ನನ್ನು ನಂಬಿದ್ದಳು.

ಕ್ಷಮೆ ಎಂಬ ಶಬ್ದ ನನ್ನ ಬಾಯಿಗೆ ಬಂದಿತ್ತು. ಆಕೆ ಅದಕ್ಕೆ ಮೊದಲೇ ಕೇಳಿದಳು: "ರೇಖಕ್ಕಂಗೆ ಹೇಳಿದೀರಾ?"

ಇಲ್ಲ ಎಂದೆ.

"ಅವ್ರಿಗೆ ಹೇಳಿ. ಕೆಲಸ ಹೋಗಿದ್ದನ್ನ ಹೇಗೋ ತಡ್ಕೊಂಡೆ, ಆದ್ರೆ…"

ನೀರಿನ ಲೋಟ ಎತ್ತಿಕೊಂಡು ಎದ್ದಳು. ಬಾಗಿಲವರೆಗೂ ಬಂದಳು, ಹೋಗಿಬನ್ನಿ ಎನ್ನಲಿಲ್ಲ.

ಮನೆಗೆ ಬಂದವನು ಮೊದಲು ಕ್ಯಾರಲ್‌ಗೆ ಫೋನ್ ಮಾಡಿದೆ — ಅದೂ ನನ್ನ ಹೇಡಿತನವೇ, ಸುಲಭವಾದದ್ದನ್ನು ಮೊದಲು ಮಾಡಿದ್ದು. ಆಕೆ ಈಗ ಮೇರಿಲ್ಯಾಂಡಿನಲ್ಲಿ ನಿವೃತ್ತ ಜೀವನದಲ್ಲಿದ್ದಾಳೆ. ಎಲ್ಲವನ್ನೂ ಕೇಳಿ, ಅಂದೇ ಹೇಳಿದ್ದರೆ ನಿನಗೂ ಏನೂ ಆಗುತ್ತಿರಲಿಲ್ಲವಲ್ಲ ಎಂದಳು. ಮಾಲಿನಿಯ ವಿಳಾಸ ಕೇಳಿ ಬರೆದುಕೊಂಡಳು. ಫೋನ್ ಇಟ್ಟಳು.

ಆಮೇಲೆ ಅಡುಗೆಮನೆಗೆ ಹೋಗಿ ರೇಖಾಳಿಗೆ ಹೇಳಿದೆ. ಆಕೆ ಹೆಸರುಕಾಳು ಆರಿಸುತ್ತಿದ್ದಳು. ಕೈ ನಿಂತಿತು. ನನ್ನ ಕಣ್ಣಿನ ವಿಷಯಕ್ಕೆ ಏನೂ ಅನ್ನಲಿಲ್ಲ — ಅಂಗಿ ಆರಿಸಿಕೊಡುತ್ತ ಬಂದವಳಿಗೆ ಅದು ಹೊಸದೂ ಇರಲಿಲ್ಲವೇನೋ. ಮಾಲಿನಿ ನೋಡದೆಯೇ ಬರೆಯುತ್ತಿದ್ದಳೆಂದು ಕಚೇರಿಯಲ್ಲಿ ಯಾರು ಹೇಳಿದ್ದರು ಎಂದು ಮಾತ್ರ ಕೇಳಿದಳು. ಯಾರೂ ಹೇಳಿರಲಿಲ್ಲ, ನಾನೇ ಹುಟ್ಟಿಸಿದ್ದು ಎಂದೆ. ತಟ್ಟೆಯನ್ನು ಪಕ್ಕಕ್ಕಿಟ್ಟು, ನಂಬರ್ ಕೇಳಿ, ಫೋನ್ ಹಿಡಿದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

"ಮಾಲಿನಿ, ನಾ ರೇಖಾ" ಎಂಬುದಷ್ಟೇ ಕೇಳಿಸಿತು. ಆಮೇಲೆ ಅಳು. ಹೋಗಿ ಬಾಗಿಲು ತಟ್ಟಬೇಕೆನಿಸಿತು, ತಟ್ಟಲಿಲ್ಲ. ನನ್ನ ಬಗ್ಗೆ ಅವರು ಏನು ಮಾತಾಡಿಕೊಂಡರೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಹೊರಗೆ ಬಂದವಳು ಶುಕ್ರವಾರ ಅಟ್ಲಾಂಟಾಕ್ಕೆ ಹೋಗುತ್ತೇನೆ, ಕೆಲವು ದಿನ ಅಲ್ಲೇ ಇರುತ್ತೇನೆ ಎಂದಳು. ನಾನು ಡ್ರೈವ್ ಮಾಡಲೇ ಎಂದು ಕೇಳಿದೆ.

"ಬ್ಯಾಡ್ರಿ," ಎಂದಳು. "ನೀವು ಇಲ್ಲೇ ಇರ್ರಿ."

ಇಲ್ಲೇ ಇದ್ದೇನೆ. ಆಕೆ ಹೋಗಿದ್ದಾಳೆ.